ಹೆಗ್ಗಣದ ಬಿಲವೂ ಒಂಬತ್ತು ಗೌರಿ ಹಬ್ಬವೂ

ದಟ್ಟಗಳ್ಳಿ, ಮೈಸೂರು
13-7-2025, ಭಾನುವಾರ

ಪ್ರೀತಿಯ ತಂಗಿ ಪ್ರೇಮಾ,

ನಿನ್ನ ಮೊಣಕಾಲು ನೋವು ಹೇಗಿದೆ? ಹುಣಸೂರಿನ ಮಳೆಗಾಲಕ್ಕೆ ಅದು ಇನ್ನಷ್ಟು ಹಟ ಮಾಡುತ್ತದೆಂದು ಕೇಳಿದೆ. ಎಳ್ಳೆಣ್ಣೆ ಬಿಸಿ ಮಾಡಿ ತಿಕ್ಕಿಸಿಕೋ, ಸೋಮಾರಿತನ ಮಾಡಬೇಡ. ಶಿವಕುಮಾರ್ ಭಾವನವರು ಕ್ಷೇಮವೇ? ಇಲ್ಲಿ ನಾನೂ ನಿನ್ನ ಅತ್ತಿಗೆಯೂ ಚೆನ್ನಾಗಿದ್ದೇವೆ. ಫೋನ್ ಮಾಡಿದರೆ ನನ್ನ ಹೆಸರು ಕಂಡ ಕೂಡಲೇ ನೀನು ಕಟ್ ಮಾಡುತ್ತೀಯೆಂದು ಗೊತ್ತು. ಕಾಗದವಾದರೆ ಹರಿಯುವ ಮೊದಲು ಒಂದೆರಡು ಸಾಲಾದರೂ ಕಣ್ಣಿಗೆ ಬೀಳುತ್ತದೆ ಎಂದು ಪೆನ್ನು ಹಿಡಿದಿದ್ದೇನೆ. ನನ್ನ ಅಕ್ಷರ ನೋಡಿ ನಗಬೇಡ. ಮೂವತ್ತು ವರ್ಷ ಬಸ್ಸಿನ ಸ್ಟಿಯರಿಂಗ್ ಹಿಡಿದ ಕೈ ಇದು.

ನಾಲೆಗೆ ನೀರು ಬರುವ ಮೊದಲು ಬದು ಸರಿಮಾಡಿಸೋಣವೆಂದು ಹೋದ ವಾರ ನಾವಿಬ್ಬರೂ ಊರಿಗೆ ಹೋಗಿದ್ದೆವು. ಅದೇ ಬದು ಕಣಮ್ಮ, ಮೇಲಿನ ನನ್ನ ಗದ್ದೆಗೂ ಅಪ್ಪ ನಿನಗೆ ಕೊಟ್ಟ ಕೆಳಗಿನ ಗದ್ದೆಗೂ ನಡುವಿನದು. ಹೆಗ್ಗಣಗಳು ಅದನ್ನು ಜರಡಿ ಮಾಡಿಟ್ಟಿವೆ. ಊರಿನವರು ಒಬ್ಬೊಬ್ಬರು ಒಂದೊಂದು ಉಪದೇಶ ಕೊಟ್ಟರು. ಒಬ್ಬ ವಿಷದ ಗುಳಿಗೆ ಹಾಕು ಎಂದ, ಇನ್ನೊಬ್ಬ ಸಿಮೆಂಟ್ ಸುರಿ ಎಂದ. ನಾನು ಮಾತ್ರ ಅಪ್ಪನ ಹಳೆಯ ದಾರಿಯನ್ನೇ ಹಿಡಿದೆ. ತಳ ತೂತಾದ ಮಡಕೆಗೆ ಒಣಹುಲ್ಲು ತುರುಕಿ, ಬೆಂಕಿ ಹಚ್ಚಿ, ಬಿಲದ ಬಾಯಿಗೆ ಕವುಚಿಟ್ಟು ಹೊಗೆ ಊದುವುದು.

ಊದುತ್ತಾ ಊದುತ್ತಾ ಕಣ್ಣಲ್ಲಿ ನೀರು ಬಂತು. ಹೊಗೆಗೆ ಎಂದೇ ಇಟ್ಟುಕೋ. ಸುಗ್ಗಿ ಮುಗಿದ ಮೇಲೆ ನಾವಿಬ್ಬರೂ ಬಿಲ ಅಗೆಯಲು ಹೋಗುತ್ತಿದ್ದದ್ದು ನೆನಪಿದೆಯೇ? ನಾನು ಹೊಗೆ ಊದಬೇಕು, ನೀನು ಲಂಗ ಎತ್ತಿಕಟ್ಟಿಕೊಂಡು ಬದುವಿನ ಉದ್ದಕ್ಕೂ ಓಡಿ ಹೊಗೆ ಎಲ್ಲಿ ಏಳುತ್ತದೆಂದು ಕೂಗಬೇಕು. ಅಗೆದರೆ ಒಳಗೆ ಒಂದು ಪುಟ್ಟ ಕಣಜ, ಅಚ್ಚುಕಟ್ಟಾಗಿ ಜೋಡಿಸಿಟ್ಟ ಬತ್ತದ ತೆನೆಗಳು. ಬಿಲದ ಬತ್ತ ಹೆಣ್ಣುಮಗಳದು ಎನ್ನುವುದು ಅವ್ವನ ಕಾನೂನು. ಅದನ್ನು ಬಳೆಗಾರನಿಗೆ ಅಳೆದು ನೀನು ಮೊಣಕೈವರೆಗೂ ಹಸಿರು ಬಳೆ ತೊಡುತ್ತಿದ್ದೆ, ಬೆವರು ಸುರಿಸಿದ ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಬಿಲ ಮುಚ್ಚುವ ಮೊದಲು ಒಂದು ಹಿಡಿ ತೆನೆಯನ್ನು ಒಳಗೇ ಬಿಡಬೇಕಿತ್ತು. ನಾನು ಗೊಣಗಿದರೆ ಅವ್ವ, “ಅದ್ಕೂ ಸಂಸಾರ ಐತೆ ಕಣೋ ಮಹದೇವು, ಎಲ್ಲಾನೂ ಬಳ್ಕಂಡ್ ಬಂದ್ಬುಟ್ರೆ ಎಂಗೆ?” ಎನ್ನುತ್ತಿದ್ದಳು. ಅಂಥ ಅವ್ವನ ಹೊಟ್ಟೆಯಲ್ಲಿ ಹುಟ್ಟಿ ನಾನು ಹೀಗೇಕಾದೆನೋ ತಿಳಿಯದು.

ನನ್ನ ಕಡೆಯಿಂದ ಊದಿದ ಹೊಗೆ ನಿನ್ನ ಗದ್ದೆಯಲ್ಲಿ ಎದ್ದಿತು ಪ್ರೇಮಾ. ಬಿಲ ಈ ಕಡೆಯಿಂದ ಆ ಕಡೆಗೆ ನೆಟ್ಟಗೆ ಹೋಗಿದೆ. ಒಂಬತ್ತು ವರ್ಷದ ಹಿಂದೆ, ನಾಲೆಯಲ್ಲಿ ಸರದಿಯ ಮೇಲೆ ನೀರು ಬಿಡುತ್ತಿದ್ದ ಆ ವರ್ಷ, ನನ್ನ ನಾಟಿ ಒಣಗಿ ನಿಮ್ಮದು ತುಂಬಿ ನಿಂತದ್ದು ಇದೇ ದಾರಿಯಲ್ಲಿ ನೀರು ಸೋರಿ. ಭಾವನವರು ಬದು ಒಡೆದಿರಲಿಲ್ಲ. ನಾನು ಹಾಲಿನ ಡೈರಿಯ ಮುಂದೆ ಊರೆಲ್ಲ ಕೇಳುವಂತೆ ಅವರನ್ನು ನೀರುಗಳ್ಳ ಎಂದೆ. ಅವರು ಕ್ಯಾನು ಕೆಳಗಿಟ್ಟು ಮನೆಗೆ ಹೋದರು. ತಿಂಗಳು ತುಂಬುವುದರೊಳಗೆ ನೀವು ಗದ್ದೆಯನ್ನು ಬೇರೆಯವರಿಗೆ ಪಾಲಿಗೆ ಕೊಟ್ಟು ಹುಣಸೂರಿಗೆ ಹೊರಟುಹೋದಿರಿ. ಅಂದಿನಿಂದ ಒಂಬತ್ತು ಗೌರಿ ಹಬ್ಬ ಬಂದು ಹೋದವು. ಅತ್ತಿಗೆ ಪ್ರತಿವರ್ಷವೂ ನಿನ್ನ ಹೆಸರಿನ ಬಾಗಿನದ ಮೊರ ಕಟ್ಟುತ್ತಾಳೆ, ಯಾರೂ ಬರದೆ ಅದನ್ನು ಬಿಚ್ಚುತ್ತಾಳೆ. ಅವಳು ಬಿಚ್ಚುವುದನ್ನು ನೋಡಲಾಗದೆ ನಾನು ಅಂಗಡಿಗೆ ಹೋಗುವ ನೆಪ ಮಾಡುತ್ತೇನೆ.

ಈ ಸಲ ಗೌರಿಗೆ ಬಾ, ಭಾವನವರನ್ನೂ ಕರೆದುಕೊಂಡು ಬಾ. ಅವರಿಗೆ ನನ್ನ ನಮಸ್ಕಾರ, ನಿನಗೆ ತಲೆ ಮುಟ್ಟಿ ಆಶೀರ್ವಾದ.

ನಿನ್ನ ಅಣ್ಣ,
ಮಹದೇವು

ತಾ.ಕ.: ಲಕೋಟೆ ಅಂಟಿಸುವ ಮೊದಲು ನಿನ್ನ ಅತ್ತಿಗೆ ಇದನ್ನು ಓದಿ, “ಇಷ್ಟೇನಾ ಬರ್ದಿರೋದು? ತನ್ನೆಲೇಲಿ ಹೆಗ್ಗಣ ಸತ್ತು ಬಿದ್ದಿದ್ರೂ ಪಕ್ಕದೆಲೆ ನೊಣ ಓಡುಸ್ತಾರಂತೆ” ಎಂದಳು. ಅವಳಿಗೆ ಗೊತ್ತಾಗಿಹೋಗಿದೆ, ನಿನಗೂ ಹೇಳಿಬಿಡುತ್ತೇನೆ. ಆ ಬಿಲ ನನಗೆ ಹೋದ ವಾರ ಕಂಡದ್ದಲ್ಲ. ಡೈರಿಯ ಮುಂದೆ ಕೂಗಾಡಿದ ನಾಲ್ಕನೆಯ ದಿನವೇ ಕಂಡಿತ್ತು. ಆಗ ನಿಮ್ಮ ಮನೆಗೆ ಬೀಗ ಬಿದ್ದಿರಲಿಲ್ಲ, ನೂರು ಹೆಜ್ಜೆ ನಡೆದಿದ್ದರೆ ಸಾಕಿತ್ತು. ಅಷ್ಟು ಜನರೆದುರು ಆಡಿದ ಮಾತನ್ನು ನುಂಗಲಾಗದೆ, ಅವ್ವನ ಒರಳಿನ ಗುಂಡುಕಲ್ಲನ್ನು ಬಿಲಕ್ಕೆ ತುರುಕಿ ಮೇಲೆ ಮಣ್ಣು ಮೆತ್ತಿ ಬಂದೆ. ಹೆಗ್ಗಣ ಅದನ್ನು ಸುತ್ತುಹಾಕಿ ಪಕ್ಕದಲ್ಲೇ ಬೇರೆ ದಾರಿ ತೋಡಿದೆ. ಮೊನ್ನೆ ಅಗೆಯುವಾಗ ಅತ್ತಿಗೆಯ ಗುದ್ದಲಿಗೆ ಆ ಕಲ್ಲು ಸಿಕ್ಕಿತು. ಅವಳು ಕಲ್ಲಿನ ಗುರುತು ಹಿಡಿದು ನನ್ನ ಮುಖ ನೋಡಿದಳು. ಮೇಲಿನದೆಲ್ಲವನ್ನೂ ನೀನು ಹರಿದುಹಾಕಿದರೂ ಸರಿ, ಇದೊಂದನ್ನು ಭಾವನವರಿಗೆ ಓದಿ ಹೇಳು. ಅವರು ಬಂದರೆ ಊರಿನ ಅದೇ ಡೈರಿಯ ಮುಂದೆ, ಹಾಲು ಹಾಕುವ ಹೊತ್ತಿಗೆ, ಕಳ್ಳ ಯಾರೆಂದು ನಾನೇ ಕೂಗಿ ಹೇಳುತ್ತೇನೆ.