ಆಲೂಗಡ್ಡೆ ಬರಬಹುದು, ಗುನ್ವೋರ್ ಬರಬಾರದು

ಬೆಟ್ಟದ ರಸ್ತೆಗಳ ಉಸ್ತುವಾರಿ ಹೊತ್ತ ಜಿಲ್ಲಾ ಅಧಿಕಾರಿಗಳಿಗೆ,

ಮಾನ್ಯರೇ,

ನನ್ನ ಹೆಂಡತಿ ಗುನ್ವೋರ್ ಹದಿನಾಲ್ಕು ಕಿಲೋಮೀಟರ್ ಕೆಳಗೆ, ನೆಸ್ಬೂ ಊರಿನ ಆರೈಕೆ ಮನೆಯಲ್ಲಿ ಚೀಲ ಕಟ್ಟಿಕೊಂಡು ಕೂತಿದ್ದಾಳೆ, ಮನೆ ಬಿಟ್ಟು ಇಂದಿಗೆ ನಲವತ್ತೊಂದು ದಿನ. ಮನೆಗೆ ಹೋಗಬಹುದು ಎಂದು ವೈದ್ಯರು ಹೇಳಿದ್ದಾರೆ. ಹೋಗಬಾರದು ಎಂದು ನೀವು ಹೇಳಿದ್ದೀರಿ. ನಾನು ಮೇಲೆ ಹೋವ್ಡೆಯಲ್ಲಿ ಕಿಟಕಿಯ ಪಕ್ಕ ಕೂತಿದ್ದೇನೆ. ನಡುವೆ ಇರುವುದು ನಿಮ್ಮ ರಸ್ತೆ ಮತ್ತು ನಿಮ್ಮ ಆದೇಶ.

ರಸ್ತೆ ಮುಚ್ಚಿದ್ದಕ್ಕೆ ನನ್ನ ತಕರಾರಿಲ್ಲ. ನವೆಂಬರಿನಲ್ಲಿ ಗೇಟು ಬೀಳುತ್ತದೆ, ಮೇ ನಡುವಿನಲ್ಲಿ ಏಳುತ್ತದೆ. ನಾರ್ವೆಯ ಬೆಟ್ಟದಲ್ಲಿ ಹುಟ್ಟಿದವನು ಅದಕ್ಕೆ ಮುನಿಸಿಕೊಳ್ಳುವುದಿಲ್ಲ. ಗೇಟು ಬಿದ್ದ ಮೇಲೆ ಹೋವ್ಡೆಯ ಐದು ಮನೆಯವರು ಸ್ಕೀ ಕಟ್ಟಿಕೊಳ್ಳುತ್ತೇವೆ, ಸ್ಕೀ ಒಗ್ಗದವರು ಹಿಮಪಾದುಕೆ ಕಟ್ಟಿಕೊಳ್ಳುತ್ತಾರೆ. ವಾಹನ ನಿಂತ ರಸ್ತೆ ಆರು ತಿಂಗಳು ನಮ್ಮ ಕಾಲಿನದಾಗುತ್ತದೆ. ಕಾಲಿಗೂ ಬೀಗ ಹಾಕಬಹುದೆಂದು ಈ ವರ್ಷ ನಿಮಗೆ ಹೊಳೆಯಿತು.

ಆ ಹೊಳಹಿನ ಮೂಲವನ್ನು ನಾನು ಬಲ್ಲೆ, ಅದನ್ನು ನೆಟ್ಟವನೇ ನಾನು. ಇಪ್ಪತ್ತಾರು ವರ್ಷಗಳಿಂದ ಸೆಪ್ಟೆಂಬರ್ ಬಂದರೆ ಈ ರಸ್ತೆಯ ಉದ್ದಕ್ಕೂ ಗುರುತಿನ ಕೋಲು ನೆಡುವ ಕೆಲಸ ನನ್ನದು. ಕೆಳಗೆ ಇಳಿಯುವಾಗ ಎಡಕ್ಕೆ ಬೆಟ್ಟ, ಬಲಕ್ಕೆ ಪ್ರಪಾತ. ಕೋಲು ಯಾವಾಗಲೂ ಬೆಟ್ಟದ ಕಡೆ. ಹಿಮಗಾಳಿ ಎದ್ದರೆ ನೆಲ ಯಾವುದು ಆಕಾಶ ಯಾವುದು ತಿಳಿಯುವುದಿಲ್ಲ. ಒಂದು ಕೋಲನ್ನು ಕೈಯಲ್ಲಿ ಮುಟ್ಟಿ, ಮುಂದಿನದು ಕಪ್ಪಗೆ ಕಾಣುವ ತನಕ ನಿಂತು, ಮತ್ತೆ ಜಾರಬೇಕು. ಇಳಿಯುವಾಗ ಎಡಗೈಗೆ, ಏರುವಾಗ ಬಲಗೈಗೆ. ಹೋವ್ಡೆಯ ಮಕ್ಕಳು ಅಕ್ಷರಕ್ಕಿಂತ ಮೊದಲು ಇದನ್ನು ಕಲಿಯುತ್ತಾರೆ.

ಕಳೆದ ಸೆಪ್ಟೆಂಬರಿನಲ್ಲಿ ನಿಮ್ಮ ಕಚೇರಿಯಿಂದ ಹೊಸ ನಕ್ಷೆ ಬಂತು. ಇನ್ನು ಮೇಲೆ ಕೋಲು ಪ್ರಪಾತದ ಕಡೆ. ಮೇ ತಿಂಗಳಲ್ಲಿ ಹಿಮ ತೆಗೆಯುವ ಯಂತ್ರಕ್ಕೆ ಅಂಚು ಕಾಣಬೇಕಂತೆ. ಕೆಳಗೊಂದು ಸಾಲು: ‘ಈ ಬದಲಾವಣೆಯಿಂದ ಬಾಧಿತರು: ಯಾರೂ ಇಲ್ಲ.’ ನಾನು ನಿಮ್ಮ ಎಂಜಿನಿಯರಿಗೆ ಫೋನು ಮಾಡಿದೆ.

“ಸ್ವಾಮಿ, ಜನ ಇದೇ ಕೋಲು ಹಿಡ್ಕೊಂಡು ಓಡಾಡ್ತಾರೆ.”

“ಯಾವ ಜನ, ಯಜಮಾನ್ರೇ? ಅದು ಮುಚ್ಚಿದ ರಸ್ತೆ.”

“ನಾವೇ. ಹೋವ್ಡೆಯವರು.”

“ಮುಚ್ಚಿದ ರಸ್ತೇಲಿ ಓಡಾಟ ಇಲ್ಲ ಅಂತ ಫೈಲಲ್ಲಿದೆ. ನೀವು ಫೈಲಲ್ಲಿ ಇಲ್ವಲ್ಲ!”

ಬಹಳ ಸಭ್ಯ ಮನುಷ್ಯ. ನಕ್ಕ, ನಾನೂ ನಕ್ಕೆ. ಆಮೇಲೆ ಹೋಗಿ, ನಕ್ಷೆಯಲ್ಲಿ ಇದ್ದ ಹಾಗೆ ಐನೂರ ಅರವತ್ತು ಕೋಲುಗಳನ್ನು ಪ್ರಪಾತದ ಅಂಚಿಗೆ ನೆಟ್ಟು ಬಂದೆ. ನೆಡುವುದಿಲ್ಲ ಎನ್ನಬಹುದಿತ್ತು. ಎನ್ನಲಿಲ್ಲ.

ಹಾಗೆಂದು ಸುಮ್ಮನೆ ಕೂತವನಲ್ಲ ನಾನು. ಗುನ್ವೋರಳ ಹೆಣಿಗೆಯ ಬುಟ್ಟಿಯಿಂದ ಕೆಂಪು ನೂಲಿನ ಉಂಡೆ ತೆಗೆದುಕೊಂಡು ಉಳಿದ ನಾಲ್ಕೂ ಮನೆಗಳಿಗೆ ಹೋದೆ. ಪ್ರತಿಯೊಬ್ಬರ ಬಲಗೈ ಗವುಸಿಗೆ ಒಂದೊಂದು ಎಳೆ ಕಟ್ಟಿದೆ. ‘ಇನ್ನು ಇಳಿಯುವಾಗ ಕೆಂಪು ಕೈಗೆ ಕೋಲು’ ಎಂದು ಎರಡೆರಡು ಸಲ ಹೇಳಿಸಿದೆ. ಎಂಬತ್ತಮೂರರ ರಾಗ್ನಾ ನನಗೆ ಚೆನ್ನಾಗಿ ಬೈದಳು.

“ಸಾಯೋ ಕಾಲದಲ್ಲಿ ಕೈ ಬದಲಾಯಿಸು ಅಂತೀಯಲ್ಲೋ! ನಾಳೆ ಫೋರ್ಕೂ ಎಡಗೈ ಬಿಟ್ಟು ಬಲಗೈಲಿ ಹಿಡಿ ಅಂತಾರೆ ನಿನ್ನ ಸಾಹೇಬರು.”

“ಬೈ ಅಜ್ಜಿ, ಬೈ. ಆದ್ರೆ ಇನ್ನೊಂದ್ಸಲ ಹೇಳು.”

ಹೇಳಿದಳು. ಎಲ್ಲರೂ ಹೇಳಿದರು. ಗುನ್ವೋರ್ ಆಗ ಊರಲ್ಲಿರಲಿಲ್ಲ. ಸೇಬು ಕೀಳುವ ಕಾಲಕ್ಕೆ ತಂಗಿಯ ಮನೆಗೆ ಹೋಗಿದ್ದಳು. ಅಕ್ಟೋಬರ್ ಮೂವತ್ತರ ಮುಸ್ಸಂಜೆ ಅಂಚೆಯ ಕಾರಿನಲ್ಲಿ ವಾಪಸು ಬಂದಳು. ಕಾರಿನಲ್ಲಿ ಕೂತರೆ ಅವಳ ಕಣ್ಣು ಹೆಣಿಗೆ ಬಿಟ್ಟು ಮೇಲೇಳುವುದಿಲ್ಲ. ಬಂದವಳೇ ಬುಟ್ಟಿ ನೋಡಿದಳು.

“ನನ್ನ ಕೆಂಪು ಉಂಡೆ ಯಾರು ಮುಗಿಸಿದ್ದು?”

“ಇಲಿ,” ಎಂದೆ.

“ಎರಡು ಕಾಲಿನ ಇಲಿ. ಕಾಫಿ ಇಡು, ಮಾರಾಯ.”

ಕಾಫಿ ಇಟ್ಟೆ. ಬ್ರೆಡ್ಡಿನ ಮೇಲೆ ಕಂದು ಚೀಸು ಹೆರೆದೆ. ಅವಳ ತಂಗಿಯ ಸುದ್ದಿಯೆಲ್ಲ ಕೇಳಿದೆ. ಹತ್ತು ದಿನ ಒಂದೇ ಅಡುಗೆಮನೆಯಲ್ಲಿ ಉಂಡೆವು, ಕೋಲಿನ ಮಾತು ಬರಲಿಲ್ಲ. ನಾಲ್ಕು ಮನೆಗೆ ಹೇಳಿ ಹೇಳಿ, ನನ್ನ ಮನೆಗೂ ಹೇಳಿ ಆಗಿದೆ ಎಂದೇ ನನ್ನ ತಲೆಯಲ್ಲಿ ಕೂತಿತ್ತು.

ನವೆಂಬರ್ ಮೂರಕ್ಕೆ ಗೇಟು ಬಿತ್ತು. ಒಂಬತ್ತನೆಯ ತಾರೀಖು ಭಾನುವಾರ. ನೆಸ್ಬೂ ಚರ್ಚಿನಲ್ಲಿ ಆರ್ಗನ್ ನುಡಿಸುವವಳು ಗುನ್ವೋರ್. ಬೆಳಿಗ್ಗೆ ತಿಳಿಯಾಗಿದ್ದಾಗ ಹೊರಟಳು; ದಾರಿ ಕಾಣುವಾಗ ಕೋಲಿನ ಕಡೆ ನಾವ್ಯಾರೂ ನೋಡುವುದಿಲ್ಲ. ಆರನೆಯ ಕಿಲೋಮೀಟರಿನಲ್ಲಿ ಹಿಮಗಾಳಿ ಎದ್ದಿತು. ಅವಳ ಕೈಗೆ ಐವತ್ತು ವರ್ಷದ ಅಭ್ಯಾಸ. ಕೋಲನ್ನು ಎಡಗೈಗೆ ಇಟ್ಟುಕೊಂಡಳು. ಪ್ರಪಾತದ ಅಂಚಿನ ಕೋಲನ್ನು ಎಡಕ್ಕೆ ಬಿಟ್ಟರೆ ಬಲಕ್ಕೆ ರಸ್ತೆ ಇರುವುದಿಲ್ಲ, ಮಾನ್ಯರೇ. ಗಾಳಿ ಕಟ್ಟಿದ ಹಿಮದ ಚಾಚು ಇರುತ್ತದೆ, ಅದರ ಕೆಳಗೆ ಏನೂ ಇರುವುದಿಲ್ಲ.

ಹನ್ನೊಂದು ಮೀಟರ್ ಬಿದ್ದಳು. ಕೆಳಗಿನ ಗೇಟಿನಿಂದ ಅಂಚೆ ಹೊತ್ತು ಹಿಮಪಾದುಕೆಯಲ್ಲಿ ಏರಿ ಬರುತ್ತಿದ್ದ ನಮ್ಮ ನೆರೆಯ ಐಲರ್ಟನಿಗೆ, ಕೋಲಿನಾಚೆಯಿಂದ ಅವಳು ಊದುತ್ತಿದ್ದ ಸೀಟಿಯ ಸದ್ದು ಕೇಳಿಸಿತು. ಅವನ ಬಲಗವುಸಿನಲ್ಲಿ ಕೆಂಪು ನೂಲಿತ್ತು. ಸುದ್ದಿ ಮುಟ್ಟಿ ನಾನು ಸ್ಕೀ ಕಟ್ಟಿ ತಲುಪುವಾಗ ಗಾಳಿ ತುಸು ಬಿಡುವು ಕೊಟ್ಟಿತ್ತು, ಹೆಲಿಕಾಪ್ಟರ್ ಅವಳನ್ನು ಆಸ್ಪತ್ರೆಗೆಂದು ಎತ್ತಿಕೊಂಡು ಮೇಲೇಳುತ್ತಿತ್ತು. ಅವಳ ಒಂದು ಸ್ಕೀ ಮಾತ್ರ ನನಗೆ ಸಿಕ್ಕಿತು. ಆಮೇಲೆ ಮೂರು ದಿನ ಬಿರುಗಾಳಿ, ನಾಲ್ಕನೆಯ ದಿನ ನಿಮ್ಮ ಆದೇಶ. ಬಿರುಗಾಳಿ ಆವತ್ತೇ ನಿಂತಿತು.

ಆ ಆದೇಶವನ್ನು ಎಷ್ಟು ಹೊಗಳಿದರೂ ಸಾಲದು. ರಸ್ತೆಯಲ್ಲಿ ಅಪಾಯ ಕಂಡುಬಂದ ಕಾರಣ ಸ್ಕೀ, ಹಿಮಪಾದುಕೆ, ನಡಿಗೆ ಎಲ್ಲವೂ ಮೇ ಹದಿನೈದರವರೆಗೆ ನಿಷಿದ್ಧ. ಅಪಾಯವನ್ನು ನಕ್ಷೆ ಬರೆದು ತಂದವರು ಯಾರು ಎಂಬ ಮಾತು ಅದರಲ್ಲಿ ಇಲ್ಲ. ಕೋಲನ್ನು ಮತ್ತೆ ಒಳಗೆ ನೆಡುವ ಮಾತೂ ಇಲ್ಲ. ಬದಲಿಗೆ ಹದಿನೈದು ದಿನಕ್ಕೊಮ್ಮೆ ಹಿಮದ ಸ್ಕೂಟರೊಂದು ಸಾಮಾನು ಹೊತ್ತು ಬರುತ್ತದೆ. ‘ಸರಕು ಮಾತ್ರ, ವ್ಯಕ್ತಿಗಳಿಗೆ ಅವಕಾಶವಿಲ್ಲ.’ ಆಲೂಗಡ್ಡೆ ಬಂತು. ಉಪ್ಪುಮೀನು ಬಂತು. ಕೆಳಗೆ ಖಾಲಿ ಹೋಗುವ ಗಾಡಿಯಲ್ಲಿ ನನ್ನನ್ನೂ ಕೂರಿಸಿಕೋ ಎಂದು ಸ್ಕೂಟರಿನವನನ್ನು ಬೇಡಿದೆ.

“ನನ್ ಕೆಲಸ ಹೋಗುತ್ತೆ ಅಣ್ಣ. ಬೇಕಾದ್ರೆ ನಿನ್ನ ಕೋಟು ಕೊಡು, ಅದನ್ನ ತಗೊಂಡ್ ಹೋಗ್ತೀನಿ.”

ನೀವು ಕೇಳಬಹುದು: ಬೆಟ್ಟದವನು, ಕದ್ದು ಹೋಗಬಾರದೇ? ಅದಕ್ಕೂ ನೀವು ಮದ್ದು ಅರೆದಿಟ್ಟಿದ್ದೀರಿ. ಏಳನೆಯ ಷರತ್ತು: ಹೋವ್ಡೆಯ ಒಬ್ಬರು ಆದೇಶ ಮೀರಿದರೂ ಐದೂ ಮನೆಗೆ ಸ್ಕೂಟರ್ ನಿಲ್ಲುತ್ತದೆ. ರಾಗ್ನಾಳ ಹೃದಯದ ಮಾತ್ರೆ ಬರುವುದು ಆ ಸ್ಕೂಟರಿನಲ್ಲೇ. “ಹೋಗೋ, ನಾನು ಬದುಕಿ ಸಾಕಾಗಿದೆ,” ಎಂದು ಅವಳೇ ನನ್ನ ಸ್ಕೀ ತಂದು ಬಾಗಿಲಿಗೆ ಒರಗಿಸಿ ಹೋದಳು. ಮೂರು ವಾರದಿಂದ ಅವು ಅಲ್ಲೇ ಇವೆ. ಬಾಗಿಲು ತೆಗೆದಾಗಲೆಲ್ಲ ನೋಡುತ್ತೇನೆ, ಮತ್ತೆ ಮುಚ್ಚುತ್ತೇನೆ.

ಇಷ್ಟಾದರೆ ಮೇ ತನಕ ಹಲ್ಲು ಕಚ್ಚಿ ಕೂರುತ್ತಿದ್ದೆನೋ ಏನೋ. ಕೂರಲಾಗದ್ದಕ್ಕೆ ಕಾರಣ ಬೇರೆ. ಪ್ರತಿ ಭಾನುವಾರ ಗುನ್ವೋರ್ ಫೋನು ಮಾಡುತ್ತಾಳೆ. ಆರ್ಗನ್ನಿನ ಪೆಡಲ್ ಒತ್ತುವ ಬಲಗಾಲಿನಲ್ಲಿ ಈಗ ಲೋಹದ ಪಟ್ಟಿ ಇದೆ; ಮಂಚದ ಕಾಲ್ದೆಸೆಯ ಹಲಗೆಯ ಮೇಲೆ ಅಭ್ಯಾಸ ಮಾಡುತ್ತಾಳಂತೆ. ಪ್ರತಿ ಸಲ ಕೊನೆಗೆ ಅದೇ ಮಾತು.

“ನಂದೇ ತಪ್ಪು, ಮಾರಾಯ. ಐವತ್ತು ವರ್ಷದ ದಾರಿ, ಕೋಲು ಯಾವ ಕೈಗೆ ಅನ್ನೋದೇ ಮರೆತುಬಿಟ್ಟೆ ಅನ್ಸುತ್ತೆ. ತಲೆ ಹೋಗ್ತಾ ಇದೆಯೇನೋ ನಂಗೆ.”

“ಇಲ್ಲ ಬಿಡು,” ಎನ್ನುತ್ತೇನೆ ನಾನು. ಅಷ್ಟೇ ಹೇಳುತ್ತೇನೆ. ಐಲರ್ಟ್ ಒಮ್ಮೆ ನನ್ನ ಮುಖ ನೋಡದೆ, “ನೀನೇ ಹೇಳ್ಬೇಕು. ನಾನಂತೂ ಬಾಯಿ ಬಿಡಲ್ಲ,” ಎಂದ. ಇಂಥ ಮಾತನ್ನು ಫೋನಿನಲ್ಲಿ ಹೇಳುವುದು ಹೇಗೆ, ಮಾನ್ಯರೇ? ಎದುರಿಗೆ ಕೂತು, ಅವಳು ಕಾಫಿ ಲೋಟ ಎತ್ತಿ ಎಸೆದರೆ ಎಸೆಯಿಸಿಕೊಂಡು ಹೇಳಬೇಕಾದ ಮಾತು ಅದು. ಆ ಎದುರಿಗೆ ಕೂರುವ ಜಾಗಕ್ಕೆ ನೀವು ಗೇಟು ಹಾಕಿದ್ದೀರಿ. ತನ್ನ ತಲೆ ಕೆಟ್ಟಿದೆ ಎಂದು ನಂಬಿಕೊಂಡು ಅವಳು ಇನ್ನೊಂದು ದಿನವೂ ಇರುವುದು ನನಗೆ ಬೇಡ.

ಅದಕ್ಕೇ ನಿಮಗೆ ಬರೆದ ಈ ಪತ್ರವನ್ನು ಜಿಲ್ಲೆಯ ಪತ್ರಿಕೆಗೂ ಕೊಟ್ಟಿದ್ದೇನೆ. ಆರೈಕೆ ಮನೆಗೆ ಆ ಪತ್ರಿಕೆ ಬರುತ್ತದೆ, ಅವಳು ಮೊದಲ ಪುಟದಿಂದ ಕೊನೆಯವರೆಗೆ ಓದುತ್ತಾಳೆ. ಗುನ್ವೋರ್, ನೀನು ಏನನ್ನೂ ಮರೆಯಲಿಲ್ಲ. ನಿನ್ನ ಕೈ ಸರಿಯಾಗಿಯೇ ಇತ್ತು. ಕೋಲು ಆಚೆಗೆ ಹೋಗಿತ್ತು, ನೆಟ್ಟವನು ನಾನು, ಊರಿಗೆಲ್ಲ ಹೇಳಿ ನಿನಗೆ ಹೇಳದವನೂ ನಾನು. ಆ ಕೆಂಪು ಉಂಡೆ ಇಲಿ ತಿನ್ನಲಿಲ್ಲ.

ಮಾನ್ಯರೇ, ನಿಮ್ಮಲ್ಲಿ ಕೇಳುವುದಿಷ್ಟೇ. ಕಾಲಿನ ಮೇಲಿನ ನಿಷೇಧ ತೆಗೆಯಿರಿ. ಕೋಲುಗಳನ್ನು ಬೆಟ್ಟದ ಕಡೆಗೆ ಹಿಂದಿರುಗಿಸಲು ಒಪ್ಪಿಗೆ ಕೊಡಿ. ನೆಡುವವರು ಸಿದ್ಧರಿದ್ದೇವೆ, ಕೂಲಿ ಬೇಡ. ಅದು ಆಗುವ ತನಕ, ಹಿಮದ ಮೇಲೆ ಜಾರುವ ಎಳೆಬಂಡಿ ಕಟ್ಟಿಕೊಂಡು ಇಳಿದು ನನ್ನ ಹೆಂಡತಿಯನ್ನು ಕರೆತರಲು ನನಗೊಂದು ದಿನ ಕೊಡಿ. ಉಂಡೆಯಲ್ಲಿ ಒಂದೇ ಒಂದು ಎಳೆ ಉಳಿದಿದೆ. ಅದನ್ನು ಸ್ಕೂಟರಿನಲ್ಲಿ ಸರಕೆಂದು ಕಳಿಸಬಹುದಿತ್ತು, ಕಳಿಸಿಲ್ಲ. ಅವಳ ಗವುಸಿಗೆ ನಾನೇ ಕಟ್ಟಬೇಕು, ಅವಳು ಕಟ್ಟಿಸಿಕೊಂಡರೆ.

ಇಂತಿ,
ನಿಮ್ಮ ಕಡತದಲ್ಲಿ ‘ಯಾರೂ ಇಲ್ಲ’ ಎಂದಿರುವ ಜಾಗದಲ್ಲಿ ಇರುವವನು,
ಟೂರ್ಗೈರ್, ಕೋಲು ನೆಡುವವನು, ಹೋವ್ಡೆ
(ತೂಕ ಎಂಬತ್ತೆರಡು ಕಿಲೋ, ಬೇಕಿದ್ದರೆ ಸರಕು ಎಂದೇ ಬರೆದುಕೊಳ್ಳಿ)