ಏಳು ಸಲ ನಿಂತ ಯಂತ್ರ

ಫೆಬ್ರವರಿ ೩೦, ೨೧೭೧

ಹೆಸರು ತಿಳಿಯದ ಡಾಕ್ಟರಮ್ಮನವರಿಗೆ ನೀಲಗಂಗಾಳ ನಮಸ್ಕಾರಗಳು.

ತಾರೀಕು ತಪ್ಪಾಗಿಲ್ಲ, ನಮ್ಮಲ್ಲಿ ಈಗ ಎಲ್ಲ ತಿಂಗಳಿಗೂ ಮೂವತ್ತು ದಿನ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಮನ್ನಿಸಿ. ನಾನು ‘ಬಿತ್ತುಮನೆ’ಯಲ್ಲಿ ಕೆಲಸ ಮಾಡುವವಳು. ಹಲ್ಲು ಕೆಟ್ಟ ಮಕ್ಕಳ ಒಸಡಿನಲ್ಲಿ ಹೊಸ ಹಲ್ಲಿನ ಬೀಜ ಊರುವ ಜಾಗಕ್ಕೆ ನಾವಿಟ್ಟ ಹೆಸರು ಅದು. ನಿಮ್ಮ ಕಾಲದ ಹಲ್ಲಿನ ಚಿಕಿತ್ಸೆ ನಮ್ಮಲ್ಲಿ ಪಾಠದಲ್ಲಷ್ಟೇ ಉಳಿದಿದೆ. ಆದರೆ ನೀವು ಅದನ್ನು ಮಾಡಿದ ಒಂದು ಬೆಳಿಗ್ಗೆ ನಮ್ಮ ಮನೆಯಲ್ಲಿ ಧ್ವನಿಯಾಗಿ ಉಳಿದಿದೆ. ಲಾರಿಯ ಮೇಲೆ ದೂರ ಹೋಗಿದ್ದ ಗಂಡನಿಗೆ ಕೇಳಿಸಲೆಂದು ಹುಲಿಗೆಮ್ಮ ಫೋನಿನಲ್ಲಿ ಹಿಡಿದಿಟ್ಟಿದ್ದಳು.

ಹುಲಿಗೆಮ್ಮ ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ದುಡಿಯುತ್ತಿದ್ದಳು. ಅವಳ ಆರು ವರ್ಷದ ಮಗಳು ಭೂಮಿಕಾ ನನ್ನ ಮುತ್ತಜ್ಜಿಯ ತಾಯಿ. ಹಿಂದಿನ ವರ್ಷ ಯಾರೋ ಅವಳ ಕೈಕಾಲು ಒತ್ತಿ ಹಿಡಿದು ಒಂದು ಹಲ್ಲು ಕಿತ್ತಿದ್ದರು. ಈಗ ಇನ್ನೊಂದು ಬದಿಯ ದವಡೆ ಹಲ್ಲು ಹುಳುಕಾಗಿ, ರೊಟ್ಟಿ ಅಗಿಯುವಾಗೆಲ್ಲ ಅಳುತ್ತಿದ್ದಳು.

“ಹಾಲುಹಲ್ಲು ಅಲ್ಲೇನ್ರೀ ಮೇಡಂ, ಹೆಂಗೂ ಬೀಳೂದು. ಕಿತ್ತಬಿಡ್ರಿ,” ಎನ್ನುತ್ತಾಳೆ ಹುಲಿಗೆಮ್ಮ.

“ಬ್ಯಾಡಮ್ಮಾ. ಕೆಳಗಿನ ಗಟ್ಟಿ ಹಲ್ಲು ಬರಾಕ ಇನ್ನೂ ನಾಕೈದು ವರ್ಷ ಐತಿ. ಬಸ್ಸಿನ್ಯಾಗ ಟವಲ್ ಹಾಕಿ ಸೀಟ್ ಹಿಡಿತೀವಲ್ಲ, ಹಂಗ ಇದು ಅದಕ್ಕ ಜಾಗ ಹಿಡಕೊಂಡು ಕುಂತೈತಿ. ಬೇರು ಇನ್ನೂ ಜೀವಂತ ಐತಿ. ಮ್ಯಾಲಿನ ಕೆಟ್ಟ ತಿರುಳಷ್ಟ ತೆಗೆದು, ಔಷಧ ತುಂಬಿ, ಸ್ಟೀಲ್ ಟೋಪಿ ಹಾಕ್ತೀನಿ.”

ಆಮೇಲೆ ನೀವು “ಅಯ್ಯಯ್ಯೋ!” ಎಂದು ಕೂಗುವುದು ಕೇಳುತ್ತದೆ. ಭೂಮಿಕಾ ನಿಮ್ಮ ಬೆರಳು ಕಚ್ಚಿದ್ದಳು. ಹುಲಿಗೆಮ್ಮ ಬೈಯುತ್ತಾಳೆ, ಹೊಡೆಯಲು ಹೋಗುತ್ತಾಳೆ. ನೀವು ತಡೆಯುತ್ತೀರಿ.

“ಹೆದರಿಕಿ ಆದ್ರ ಕಚ್ಚಬ್ಯಾಡವ್ವಾ. ಎಡಗೈ ಎತ್ತು. ನೀ ಎತ್ತಿದ ಕೂಡ್ಲೇ ನಿಲ್ಲಸ್ತೀನಿ.”

“ಖರೇನಾ?”

“ಎತ್ತಿ ನೋಡು.”

ಸೂಜಿ ಹಾಕಿ ಮರಗಟ್ಟಿಸಿದ ಮೇಲೆ ಯಂತ್ರದ ಸದ್ದು ಶುರುವಾಗುತ್ತದೆ. ತಟ್ಟನೆ ನಿಲ್ಲುತ್ತದೆ. “ನಿಲ್ಲಿಸಿದೆ ನೋಡು,” ಎನ್ನುತ್ತೀರಿ. ಮತ್ತೆ ಶುರು, ಮತ್ತೆ ನಿಲುಗಡೆ. ಹೊರಗೆ ಸಾಲಿನಲ್ಲಿದ್ದವರು ಬಾಗಿಲು ಬಡಿಯುತ್ತಾರೆ. ಏಳು ಸಲ ನಿಲ್ಲಿಸುತ್ತೀರಿ, ಏಳು ಸಲವೂ ಅದೇ ದನಿಯಲ್ಲಿ. ಎಂಟನೆಯ ಸಲ ಕೈ ಏಳಲಿಲ್ಲ.

ಮೂರು ದಿನದಲ್ಲಿ ಭೂಮಿಕಾ ಆ ಬದಿಯಲ್ಲೇ ಕಟಕಟ ಶೇಂಗಾ ಅಗಿದಳಂತೆ. ಹನ್ನೊಂದನೆಯ ವಯಸ್ಸಿಗೆ ಹಲ್ಲು ತಾನಾಗಿ ಬಿದ್ದು, ಅದರ ಜಾಗದಲ್ಲಿ ಗಟ್ಟಿ ಹಲ್ಲು ನೆಟ್ಟಗೆ ಬಂತು. ತೋರಿಸಲೆಂದು ಅಮ್ಮನನ್ನು ಎಳೆದುಕೊಂಡು ಅದೇ ಸರ್ಕಾರಿ ಆಸ್ಪತ್ರೆಗೆ ಓಡಿದಳು. ನಿಮಗೆ ವರ್ಗವಾಗಿತ್ತು. ಎಲ್ಲಿಗೆಂದು ಹೇಳುವವರು ಅಲ್ಲಿ ಯಾರೂ ಇರಲಿಲ್ಲ.

ತೊಂಬತ್ತರ ವಯಸ್ಸಿನಲ್ಲೂ ಅವಳು ಮೊಮ್ಮಕ್ಕಳಿಗೆ ಹಲ್ಲಿನ ಸುದ್ದಿಯನ್ನು ಅಷ್ಟಾಗಿ ಹೇಳುತ್ತಿರಲಿಲ್ಲ. “ಬ್ಯಾಡ ಅಂದಾಗ ನಿಲ್ಲಿಸಿದ ಮೊದಲ ದೊಡ್ಡ ಮನಿಷಿ ಅವರು,” ಎನ್ನುತ್ತಿದ್ದಳಂತೆ. ತನ್ನ ಮಕ್ಕಳನ್ನು ಬೆಳೆಸಿದ್ದೂ ಹಾಗೆಯೇ. ನಮ್ಮಮ್ಮ ನನ್ನನ್ನು ಬೆಳೆಸಿದ್ದೂ ಹಾಗೆಯೇ.

ಭೂಮಿಕಾ ಹೇಳಲಾಗದೆ ಹೋದ ಧನ್ಯವಾದವನ್ನು ನೂರನಲವತ್ತೈದು ವರ್ಷ ತಡವಾಗಿ ನಾನು ತಲುಪಿಸುತ್ತಿದ್ದೇನೆ. ಸ್ವೀಕರಿಸಿ. ನಿಮ್ಮನ್ನು ಹೆಚ್ಚು ಹೊತ್ತು ನಿಲ್ಲಿಸಿಕೊಳ್ಳುವುದಿಲ್ಲ, ಹೊರಗೆ ಸಾಲು ಕಾಯುತ್ತಿದೆ. ಕೈ ತೊಳೆದುಕೊಳ್ಳಿ, ಮುಂದಿನ ಮಗುವನ್ನು ಒಳಗೆ ಕರೆಯಿರಿ.