ಸೈಕಲ್ಲಿನ ಹಿಂದಿನ ಚಕ್ರ

ರೀ,

ಬಟ್ಟೆ ಹರವುವುದನ್ನು ಅರ್ಧಕ್ಕೇ ಬಿಟ್ಟು ಇದನ್ನು ಬರೆಯುತ್ತಿದ್ದೇನೆ. ಬಕೆಟ್ಟಿನಲ್ಲಿ ಉಳಿದಿದ್ದನ್ನು ಎದ್ದ ಮೇಲೆ ನೀವೇ ಹರವಿಬಿಡಿ.

ಸೈಕಲ್ ಅಂಗಡಿಯವರ ಹತ್ತಿರ ಮತ್ತೆ ಜಗಳಕ್ಕೆ ಹೋಗಬೇಡಿ. ಅವರು ಹಾಕಿದ ಟ್ಯೂಬು ಚೆನ್ನಾಗಿಯೇ ಇದೆ. ವಾರದಿಂದ ಹಿಂದಿನ ಚಕ್ರದ ಗಾಳಿ ತೆಗೆಯುತ್ತಿದ್ದವಳು ನಾನು. ನೀವು ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ ಮೇಲೆ, ಹೇರ್‌ಪಿನ್ನಿನಿಂದ ವಾಲ್ವ್ ಒತ್ತಿ.

ನಮ್ಮ ಗುಬ್ಬಿ ಇನ್ನು ಸೈಕಲ್ಲಿನಲ್ಲೇ ಶಾಲೆಗೆ ಹೋಗಲಿ ಎಂದು ನೀವು ಹೇಳಿದಾಗ ನಾನೂ ತಲೆಯಾಡಿಸಿದ್ದೆ. ಆದರೆ ಗೋದಾಮಿನ ತಿರುವಿನಲ್ಲಿ ಲಾರಿಗಳು ನುಗ್ಗುವುದು ನೆನಪಾದರೆ ಅವಳನ್ನು ಒಬ್ಬಳೇ ಕಳಿಸಲು ಮನಸ್ಸಾಗುತ್ತಿರಲಿಲ್ಲ. ಬೇಡ ಎನ್ನಲು ಬಾಯಿ ಬರಲಿಲ್ಲ. ಆ ಬಡಪಾಯಿ ಅಂಗಡಿಯವರನ್ನು ನೀವು ಬೈಯುವಾಗಲೂ ಪಕ್ಕದಲ್ಲೇ ಸುಮ್ಮನೆ ನಿಂತಿದ್ದೆನಲ್ಲ, ಅದನ್ನು ನೆನೆದರೆ ತಲೆ ಎತ್ತಲಾಗುತ್ತಿಲ್ಲ. ಅವರ ಕ್ಷಮೆ ನಾನೇ ಕೇಳುತ್ತೇನೆ.

ಇವತ್ತು ಗಾಳಿ ತುಂಬಿಸಿ, ಬ್ರೇಕೂ ನೋಡಿ. ಸಂಜೆ ಅವಳನ್ನು ಆ ತಿರುವಿಗೆ ಕರೆದುಕೊಂಡು ಹೋಗಿ, ಸೈಕಲ್ ಇಳಿದು, ಎರಡೂ ಕಡೆ ನೋಡಿ, ತಳ್ಳಿಕೊಂಡು ದಾಟುವುದನ್ನು ಕಲಿಸಿ. ನಾಳೆಯಿಂದ ಅಲ್ಲಿಯವರೆಗೆ ನಾನೂ ಜೊತೆಗೆ ನಡೆಯುತ್ತೇನೆ. ಅಲ್ಲಿಂದ ಮುಂದೆ ಅವಳೇ ಹೋಗಲಿ.

ಅವಳಿಗೆ ಗೊತ್ತಾಗಿಬಿಟ್ಟಿದೆ ಕಣ್ರೀ. ಬಟ್ಟೆ ಹರವುತ್ತಿದ್ದಾಗ ಬಂದು, ಚಕ್ರದ ಪಕ್ಕ ಸಿಕ್ಕಿದ ಪಿನ್ನನ್ನು ನನ್ನ ಒದ್ದೆ ಅಂಗೈಯಲ್ಲಿಟ್ಟು ಹೋದಳು. ಬ್ಯಾಗು ಹಾಕಿಕೊಂಡು, ಈ ವಾರವೆಲ್ಲ ನಾನು ಅವಳನ್ನು ಶಾಲೆಗೆ ಬಿಟ್ಟ ಸ್ಕೂಟರಿನ ಹತ್ತಿರ ನಿಂತಿದ್ದಳು. ಇದೀಗ ಬಾಗಿಲಿಗೆ ಬಂದು ಕೇಳುತ್ತಿದ್ದಾಳೆ: "ಅಮ್ಮಾ, ನಿಂಗೆ ಲಾರಿ ಕಂಡ್ರೆ ಭಯಾನಾ, ಇಲ್ಲಾ ನನ್ನ ಮೇಲೇ ನಂಬಿಕೆ ಇಲ್ವಾ?"